ಅಡುಗೆಮನೆ ಪ್ರಶ್ನೋತ್ತರ: ಬಜೆ, ಪೋಡಿ, ಕಬಾಬಿನ ಜೊತೆಗೆ ಸಿಹಿಹುಳಿ ಹಣ್ಣಿನ ಸಾಸ್

ಸಂಜೆಯ ಕರಿದ ತಿಂಡಿಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ತಿಂಡಿಯನ್ನು ಬಿಟ್ಟು ಅದರ ಪಕ್ಕದಲ್ಲಿಡುವ ಬಟ್ಟಲಿನ ಕುರಿತೇ ಕೇಳಿವೆ. ಹಣ್ಣಿನಿಂದ ಮಾಡಿ, ಅದ್ದಿಕೊಂಡು ತಿನ್ನುವ ಸಾಸಿಗೆ ಸಂಬಂಧಿಸಿದ ಪ್ರಶ್ನೆಗಳನ್ನಷ್ಟೇ ಈ ಬಾರಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮನೆಯಲ್ಲಿ ನಡೆಯುವ ಒಂದು ಸಮಾರಂಭಕ್ಕೆ ಇಪ್ಪತ್ತು ಮಂದಿ ಸೇರಲಿದ್ದಾರೆ. ಊಟಕ್ಕೆ ಮೊದಲು ಗೋಳಿಬಜೆ, ಜೀಗುಜ್ಜೆ ಪೋಡಿ (ಹಿಟ್ಟಿನಲ್ಲಿ ಅದ್ದಿ ಕರಿದ ಬ್ರೆಡ್‌ಫ್ರೂಟ್ ಹೋಳು) ಮತ್ತು ಕೋಳಿ ಕಬಾಬ್ ಇಡಬೇಕೆಂದಿದ್ದೇವೆ. ಅನಾನಸಿನ ಸಾಸ್ ಮಾಡಲು ಹೊರಟರೆ ಒಂದೋ ಜಾಮಿನಂತೆ ಅಂಟಂಟಾಗುತ್ತದೆ, ಇಲ್ಲವೇ ನೀರಾಗಿ ಬಜೆಯಿಂದ ಜಾರಿಹೋಗುತ್ತದೆ. ಸರಿಯಾದ ಹದವನ್ನು ತಿಳಿಸುವಿರಾ? (ಕದ್ರಿ, ಮಂಗಳೂರು)

ಉತ್ತರ: ನೀವು ಹೇಳಿದ ಎರಡೂ ತೊಂದರೆಗಳಿಗೆ ಕಾರಣ ಒಂದೇ. ಹಣ್ಣಿನ ರಸ ಗಟ್ಟಿಯಾಗಲು ಪೆಕ್ಟಿನ್ ಎಂಬ ಅಂಶ ಬೇಕು. ಪೇರಳೆಯಲ್ಲಿ ಅದು ಧಾರಾಳವಾಗಿದೆ, ಅನಾನಸಿನಲ್ಲಿ ಬಹಳ ಕಡಿಮೆ. ಆದ್ದರಿಂದ ಅನಾನಸಿನ ರಸ ಎಷ್ಟು ಕುದಿಸಿದರೂ ಬೇಗ ಗಟ್ಟಿಯಾಗದು. ಇನ್ನೂ ತೆಳ್ಳಗಿದೆಯೆಂದು ಕುದಿಸುತ್ತಲೇ ಹೋದರೆ ನೀರು ಆವಿಯಾಗಿ ಸಕ್ಕರೆ ಪಾಕದ ಹಂತಕ್ಕೆ ಬರುತ್ತದೆ. ಒಲೆಯ ಮೇಲಿರುವಾಗ ಹದವಾಗಿ ಕಂಡದ್ದು ತಣಿದ ಮೇಲೆ ಹಲ್ಲಿಗೆ ಅಂಟುವುದು ಇದರಿಂದಲೇ. ಕುದಿಸುವುದನ್ನು ಬೇಗನೆ ನಿಲ್ಲಿಸಿ, ಉಳಿದ ಗಟ್ಟಿತನವನ್ನು ಅತಿ ಸ್ವಲ್ಪ ಹಿಟ್ಟಿನಿಂದ ಪಡೆಯುವುದೇ ಸರಿಯಾದ ದಾರಿ.

ಸುಮಾರು ಒಂದೂಕಾಲು ಕಿಲೋ ತೂಗುವ ಹಣ್ಣನ್ನು ಹೆಚ್ಚಿ, ಕಣ್ಣು ಮತ್ತು ನಡುದಿಂಡು ತೆಗೆದರೆ 500 ಗ್ರಾಂಗಿಂತ ಸ್ವಲ್ಪ ಹೆಚ್ಚು ತಿರುಳು ಸಿಗುತ್ತದೆ. 500 ಗ್ರಾಂ ತಿರುಳಿನಲ್ಲಿ ಮೂರನೆಯ ಎರಡು ಪಾಲನ್ನು ನುಣ್ಣಗೆ ರುಬ್ಬಿ, ಉಳಿದ ಒಂದು ಪಾಲನ್ನು ಸಾಸಿವೆಗಿಂತ ತುಸು ದೊಡ್ಡದಾಗಿ ಕೊಚ್ಚಿ ಬೇರೆಯಾಗಿಡಿ. ನಾಲ್ಕೈದು ಬ್ಯಾಡಗಿ ಮೆಣಸಿನ ಬೀಜ ತೆಗೆದು, ಇಪ್ಪತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಸಣ್ಣ ತುಂಡು ಶುಂಠಿಯೊಂದಿಗೆ ರುಬ್ಬಿಕೊಳ್ಳಿ. ಬ್ಯಾಡಗಿಯಿಂದ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರ ಬೇಕೆನ್ನುವವರು ಒಂದೆರಡು ಗಿಡ್ಡ ಮೆಣಸನ್ನು ಸೇರಿಸಬಹುದು. ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ರುಬ್ಬಿದ ಹಣ್ಣಿಗೆ 100 ಗ್ರಾಂ ಬೆಲ್ಲ ಹಾಕಿ, ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಕುದಿಸಿ. ಬೆಲ್ಲವನ್ನು ಮೊದಲೇ ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿರಬೇಕು. ನುಣ್ಣನೆಯ ಸಾಸಿನಲ್ಲಿ ಒಂದೇ ಒಂದು ಮರಳಿನ ಕಣ ಸಿಕ್ಕಿದರೂ ತಿನ್ನುವವರ ಮನಸ್ಸು ಕೆಡುತ್ತದೆ. ಬಳಿಕ ಮೆಣಸಿನ ಅರಪು, ಒಂದು ಟೀ ಚಮಚ ಉಪ್ಪು ಮತ್ತು ಕೊಚ್ಚಿದ ಹಣ್ಣನ್ನು ಸೇರಿಸಿ ಐದು ನಿಮಿಷ ಬೇಯಿಸಿ. ಎರಡು ಟೀ ಚಮಚ ಕಾರ್ನ್‌ಫ್ಲೋರನ್ನು ಮೂರು ದೊಡ್ಡ ಚಮಚ ತಣ್ಣೀರಿನಲ್ಲಿ ಕದಡಿ, ಕುದಿಯುತ್ತಿರುವ ಸಾಸಿಗೆ ಕೈಯಾಡಿಸುತ್ತಲೇ ಸುರಿದು, ಎರಡು ನಿಮಿಷ ಚೆನ್ನಾಗಿ ಕುದಿಸಿ ಇಳಿಸಿ. ಹಿಟ್ಟಿನ ಬಿಳಿ ಛಾಯೆ ಹೋಗಿ ಹೊಳಪು ಬಂದರೆ ಬೆಂದಿದೆ ಎಂದರ್ಥ. ಒಂದು ನಿಂಬೆಹಣ್ಣಿನ ರಸವನ್ನೋ ಎರಡು ದೊಡ್ಡ ಚಮಚ ವಿನೆಗರನ್ನೋ ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು. ಹುಳಿಯೊಂದಿಗೆ ಹೆಚ್ಚು ಹೊತ್ತು ಕುದಿದರೆ ಹಿಟ್ಟಿನ ಪಿಷ್ಟ ಒಡೆದು ಸಾಸ್ ಮತ್ತೆ ತೆಳ್ಳಗಾಗುತ್ತದೆ. ಬೆಳಿಗ್ಗೆ ಹದವಾಗಿದ್ದದ್ದನ್ನು ಸಂಜೆ ಮತ್ತೆ ಕುದಿಸಿದಾಗ ಅದು ನೀರಾಗುವುದಕ್ಕೂ ಇದೇ ಕಾರಣ.

ಹದ ನೋಡಲು ಒಂದು ಸ್ಟೀಲ್ ತಟ್ಟೆಯನ್ನು ಫ್ರಿಜ್ಜಿನಲ್ಲಿ ಹತ್ತು ನಿಮಿಷ ಇಟ್ಟು ತಣಿಸಿ, ಅದರ ಮೇಲೆ ಅರ್ಧ ಚಮಚ ಬಿಸಿ ಸಾಸ್ ಹಾಕಿ, ಒಂದು ನಿಮಿಷ ಬಿಟ್ಟು ತಟ್ಟೆಯನ್ನು ಓರೆಯಾಗಿ ಹಿಡಿಯಿರಿ. ಸಾಸ್ ಒಂದೇ ಮುದ್ದೆಯಾಗಿ ನಿಧಾನವಾಗಿ ಜಾರಬೇಕು. ಅಂಚಿನಿಂದ ಬಣ್ಣದ ನೀರು ಪ್ರತ್ಯೇಕವಾಗಿ ಹರಿಯಬಾರದು. ಬೆರಳಿನಿಂದ ನಡುವೆ ಗೆರೆ ಎಳೆದರೆ ಗೆರೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಲ್ಲನೆ ಮುಚ್ಚಿಕೊಳ್ಳಬೇಕು. ಗೆರೆ ಮುಚ್ಚದೇ ಉಳಿದರೆ ಒಂದೆರಡು ಚಮಚ ಬಿಸಿನೀರು ಬೆರೆಸಿ. ತಕ್ಷಣ ಮುಚ್ಚಿದರೆ ಮತ್ತೊಂದು ನಿಮಿಷ ಕುದಿಸಿ.

ಇಷ್ಟು ಮಾಡಿದರೆ 400ರಿಂದ 450 ಮಿಲಿ ಲೀಟರ್ ಸಾಸ್ ಸಿಗುತ್ತದೆ. ತಲೆಗೆ ಎರಡು ದೊಡ್ಡ ಚಮಚ, ಅಂದರೆ 30 ಮಿಲಿ ಲೀಟರಿನಂತೆ ಇಪ್ಪತ್ತು ಮಂದಿಗೆ 600 ಮಿಲಿ ಲೀಟರ್ ಬೇಕಾಗುವುದರಿಂದ ಎಲ್ಲವನ್ನೂ ಒಂದೂವರೆ ಪಾಲು ಮಾಡಿಕೊಳ್ಳಿ.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು ರುಚಿ ನೋಡುವ ಕ್ರಮದ್ದು. ಹೆಚ್ಚಿನವರು ಸಾಸನ್ನು ಚಮಚದಲ್ಲಿ ನೆಕ್ಕಿ ನೋಡಿ, ಹುಳಿಯೆನಿಸಿದರೆ ಬೆಲ್ಲ, ಸಿಹಿಯೆನಿಸಿದರೆ ನಿಂಬೆ ಎಂದು ಸರಿಮಾಡುತ್ತಾರೆ. ಚಮಚದಲ್ಲಿ ಸರಿಯಾಗಿರುವ ಸಾಸ್ ಎಣ್ಣೆಯಲ್ಲಿ ಕರಿದ ತಿಂಡಿಯ ಜೊತೆಗೆ ಸಪ್ಪೆಯಾಗುತ್ತದೆ. ಹಿಟ್ಟು, ಎಣ್ಣೆ ಎರಡೂ ಹುಳಿಯನ್ನೂ ಖಾರವನ್ನೂ ತಗ್ಗಿಸುತ್ತವೆ. ಆದ್ದರಿಂದ ಒಂದು ಬಜೆಯನ್ನೋ ಪೋಡಿಯನ್ನೋ ಕರಿದಿಟ್ಟುಕೊಂಡು, ಅದನ್ನೇ ಅದ್ದಿ ರುಚಿ ನೋಡಬೇಕು. ನಿಮ್ಮ ಮೂರು ತಿಂಡಿಗಳಿಗೆ ಒಂದೇ ಸಾಸ್ ಸಾಲದು ಎಂಬುದು ಆಗ ನಿಮಗೇ ತಿಳಿಯುತ್ತದೆ. ಗೋಳಿಬಜೆಯ ಹಿಟ್ಟಿನಲ್ಲಿ ಮೊಸರಿನ ಹುಳಿ ಇರುವುದರಿಂದ ಅದಕ್ಕೆ ಖಾರ ತುಸು ಮುಂದಾದ ಸಾಸ್ ಒಪ್ಪುತ್ತದೆ. ಕಬಾಬಿನಲ್ಲಿ ಖಾರವೂ ಕೊಬ್ಬೂ ಮೊದಲೇ ಇವೆ. ಅಲ್ಲಿ ಹುಳಿ ಮುಂದೆ ಬರಬೇಕು. ಜೀಗುಜ್ಜೆಗೆ ತನ್ನದೇ ಆದ ಜೋರಾದ ರುಚಿ ಇಲ್ಲ, ಹಾಗಾಗಿ ಅದು ಯಾವುದರ ಜೊತೆಗೂ ಹೊಂದಿಕೊಳ್ಳುತ್ತದೆ. ಒಂದೇ ಪಾತ್ರೆಯಲ್ಲಿ ಸಾಸ್ ಮಾಡಿ, ಕೊನೆಗೆ ಎರಡು ಬಟ್ಟಲಾಗಿ ವಿಂಗಡಿಸಿ, ಒಂದಕ್ಕೆ ಮೆಣಸು, ಇನ್ನೊಂದಕ್ಕೆ ನಿಂಬೆ ಹೆಚ್ಚಿಸಿದರೆ ಸಾಕು. ಫ್ರಿಜ್ಜಿನಿಂದ ತೆಗೆದ ಕೂಡಲೇ ಬಡಿಸಬೇಡಿ. ತಣ್ಣಗಿರುವಾಗ ಸಿಹಿ ನಾಲಗೆಗೆ ಕಡಿಮೆಯೆನಿಸುತ್ತದೆ. ಅರ್ಧ ಗಂಟೆ ಹೊರಗಿಟ್ಟು ಬಡಿಸಿ. ಬೆಲ್ಲದ ಬದಲು ಜೇನು ಬಳಸುವುದಾದರೆ ಒಂದು ವರ್ಷ ತುಂಬದ ಮಗುವಿಗೆ ಅದನ್ನು ನೆಕ್ಕಿಸಲೇಬಾರದು ಎಂಬುದು ನೆನಪಿರಲಿ.

ಪ್ರಶ್ನೆ: ಬಜೆಗೆ ತೆಂಗಿನಕಾಯಿ ಚಟ್ನಿಯೇ ಜೋಡಿ, ಹಣ್ಣಿನ ಸಾಸ್ ನಮ್ಮ ಕಡೆಯದಲ್ಲ ಎಂದು ಮನೆಯ ಹಿರಿಯರು ಆಕ್ಷೇಪಿಸುತ್ತಾರೆ. ಅವರಿಗೂ ಒಪ್ಪಿಗೆಯಾಗುವಂತೆ ಮಾಡಲು ಸಾಧ್ಯವೇ? (ಬ್ರಹ್ಮಾವರ)

ಉತ್ತರ: ಚಟ್ನಿಯ ಜೋಡಿಯನ್ನು ಬಿಡಿಸಬೇಕಾಗಿಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಬಟ್ಟಲಿಟ್ಟರಾಯಿತು. ಆದರೆ ಹಣ್ಣು, ಬೆಲ್ಲ, ಹುಳಿ, ಮೆಣಸು ಕೂಡಿದ ರುಚಿ ನಮ್ಮದಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಉಡುಪಿ ಕಡೆಯ ಸಮಾರಂಭಗಳಲ್ಲಿ ಎಲೆಗೆ ಬರುವ ಅನಾನಸಿನ ಮೆಣಸ್ಕಾಯಿಯಲ್ಲಿ ಇರುವುದು ಇವೇ ನಾಲ್ಕು. ಮಾವಿನಹಣ್ಣಿನ ಗೊಜ್ಜಿನಲ್ಲಿಯೂ, ಅನಾನಸಿನ ಸಾಸಿವೆಯಲ್ಲಿಯೂ ಇವೇ ಇವೆ. ಅನಾನಸು ದಕ್ಷಿಣ ಅಮೆರಿಕದ ಹಣ್ಣು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬಂದದ್ದು. ಒಣಮೆಣಸೂ ಹಾಗೆಯೇ ಕಡಲಾಚೆಯಿಂದ ಬಂದದ್ದು. ಅವೆರಡನ್ನೂ ಕೂಡಿಸಿ ಮೆಣಸ್ಕಾಯಿ ಮಾಡಿದ ಹಿರಿಯರ ಮುಂದೆ ಹಣ್ಣಿನ ಸಾಸ್ ಇಡಲು ಸಂಕೋಚ ಬೇಡ.

ಅವರಿಗೆ ಹಿಡಿಸಬೇಕಾದರೆ ಮೆಣಸ್ಕಾಯಿಯ ದಾರಿಯಲ್ಲೇ ಹೋಗಿ. ಮೇಲೆ ಹೇಳಿದ ಅನಾನಸಿನ ಸಾಸಿನಲ್ಲಿ ಶುಂಠಿಯನ್ನು ಬಿಟ್ಟು, ಒಂದು ದೊಡ್ಡ ಚಮಚ ಎಳ್ಳು ಮತ್ತು ಒಂದು ಟೀ ಚಮಚ ಉದ್ದಿನಬೇಳೆಯನ್ನು ಪರಿಮಳ ಬರುವಂತೆ ಹುರಿದು, ಬ್ಯಾಡಗಿ ಮೆಣಸಿನೊಂದಿಗೆ ನುಣ್ಣಗೆ ರುಬ್ಬಿ ಸೇರಿಸಿ. ಹುಳಿಗೆ ವಿನೆಗರ್ ಬೇಡ, ಸ್ವಲ್ಪ ಹುಣಸೆ ಸಾಕು. ಎಳ್ಳು ಮತ್ತು ಉದ್ದಿನಬೇಳೆ ಇರುವಲ್ಲಿ ಕಾರ್ನ್‌ಫ್ಲೋರ್ ಬೇಕಾಗುವುದಿಲ್ಲ. ಮೆಣಸ್ಕಾಯಿಗೆ ಹಾಕುವ ತೆಂಗಿನಕಾಯಿಯನ್ನು ಮಾತ್ರ ಇಲ್ಲಿ ಬಿಟ್ಟುಬಿಡಿ. ಅದರಿಂದ ಸಾಸ್ ಬೇಗ ಹಳಸುತ್ತದೆ, ಹಣ್ಣಿನ ರುಚಿಯೂ ಹಿಂದೆ ಸರಿಯುತ್ತದೆ. ಕೊನೆಯಲ್ಲಿ ತೆಂಗಿನೆಣ್ಣೆಯ ಒಗ್ಗರಣೆಗೆ ಸಾಸಿವೆ ಮತ್ತು ಕರಿಬೇವು ಹಾಕಿದರೆ ಅಡುಗೆಮನೆಯ ಪರಿಮಳವೇ ಹಿರಿಯರನ್ನು ಕರೆದು ಕೂರಿಸುತ್ತದೆ.

ಪ್ರಶ್ನೆ: ಗಟ್ಟಿ ಮೊಸರಿಗೆ ಹಸಿ ಅನಾನಸನ್ನು ರುಬ್ಬಿ ಬೆರೆಸಿ ಫ್ರಿಜ್ಜಿನಲ್ಲಿಟ್ಟಿದ್ದೆ. ಎರಡು ಗಂಟೆಯಲ್ಲಿ ಕಹಿಯಾಗಿ ನೀರು ಬಿಟ್ಟಿತು. ಮೊಸರು ಕೆಟ್ಟಿತ್ತೇ? (ಅಂಬಲಪಾಡಿ, ಉಡುಪಿ)

ಉತ್ತರ: ಮೊಸರಿನ ತಪ್ಪಿಲ್ಲ. ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಅದು ಪ್ರೋಟೀನನ್ನು ತುಂಡರಿಸುತ್ತದೆ; ಅನಾನಸು ಹೆಚ್ಚು ತಿಂದಾಗ ನಾಲಗೆ ಚುರುಗುಟ್ಟುವುದರಲ್ಲಿ ಅದರ ಪಾಲೂ ಇದೆ. ಹಾಲಿನ ಪ್ರೋಟೀನ್ ಹೀಗೆ ತುಂಡಾದಾಗ ಕಹಿ ಹುಟ್ಟುತ್ತದೆ, ಮೊಸರು ಹಿಡಿದಿಟ್ಟಿದ್ದ ನೀರೂ ಬೇರೆಯಾಗುತ್ತದೆ. ಹಣ್ಣನ್ನು ಐದಾರು ನಿಮಿಷ ಕುದಿಸಿ, ಪೂರ್ತಿ ತಣಿಸಿ ಬೆರೆಸಿದರೆ ಈ ತೊಂದರೆ ಬರುವುದಿಲ್ಲ, ಏಕೆಂದರೆ ಕುದಿಯುವ ಬಿಸಿಯಲ್ಲಿ ಕಿಣ್ವ ಕೆಲಸ ನಿಲ್ಲಿಸುತ್ತದೆ. ಡಬ್ಬಿಯ ಅನಾನಸನ್ನು ಮೊದಲೇ ಬಿಸಿ ಮಾಡಿರುವುದರಿಂದ ಅದನ್ನು ನೇರವಾಗಿ ಬಳಸಬಹುದು. ಹಸಿ ಪಪ್ಪಾಯ ಮತ್ತು ಕಿವಿ ಹಣ್ಣಿನಲ್ಲಿಯೂ ಇಂಥ ಕಿಣ್ವಗಳಿವೆ. ಮಾವಿನಹಣ್ಣಿಗೆ ಈ ಭಯವಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ 200 ಗ್ರಾಂ ಮೊಸರಿಗೆ ನಾಲ್ಕು ದೊಡ್ಡ ಚಮಚ ಬೇಯಿಸಿದ ಅನಾನಸು, ಉಪ್ಪು, ಕುಟ್ಟಿದ ಕಾಳುಮೆಣಸು ಮತ್ತು ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಬೆರೆಸಿ. ಪನೀರ್ ಟಿಕ್ಕಾಕ್ಕೆ ಇದು ತುಂಬ ಚೆನ್ನಾಗಿರುತ್ತದೆ.

ಪ್ರಶ್ನೆ: ಪುನರ್ಪುಳಿಯಿಂದ (ಕೋಕಂ) ಇಂಥ ಸಾಸ್ ಮಾಡಬಹುದೇ? ನಾನು ಮಾಡಿದ್ದು ಕೆಂಪಾಗದೆ ಕಂದಾಯಿತು, ರುಚಿಯೂ ಬರೇ ಉಪ್ಪು. (ಕಾಪು)

ಉತ್ತರ: ಖಂಡಿತ ಮಾಡಬಹುದು, ಮತ್ತು ನನ್ನ ಮಟ್ಟಿಗೆ ಕರಿದ ಮೀನಿನ ಪಕ್ಕಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ವಿನೆಗರಿನ ಹುಳಿ ಮೂಗಿಗೆ ಹೊಡೆಯುತ್ತದೆ; ಪುನರ್ಪುಳಿಯ ಹುಳಿ ನಾಲಗೆಯಲ್ಲಿ ನಿಧಾನವಾಗಿ ಹರಡುತ್ತದೆ. ಕಾಣೆ ರವಾ ಫ್ರೈಯಂಥ ಮೃದುವಾದ ಮೀನಿಗೆ ಎರಡನೆಯದೇ ಬೇಕು.

ಬಣ್ಣ ಕಂದಾಗಲು ಬೆಲ್ಲ ಹಾಕಿದ್ದು ಕಾರಣವಿರಬಹುದು, ಕಬ್ಬಿಣದ ಬಾಣಲೆ ಬಳಸಿದ್ದೂ ಇರಬಹುದು, ತುಂಬ ಹೊತ್ತು ಕುದಿಸಿದ್ದೂ ಇರಬಹುದು. ಪುನರ್ಪುಳಿಯ ಕೆಂಪು ಆಂಥೋಸಯಾನಿನ್ ಎಂಬ ವರ್ಣದ್ರವ್ಯದಿಂದ ಬಂದದ್ದು. ಹುಳಿಯಲ್ಲಿ ಅದು ಕೆಂಪಾಗಿ ನಿಲ್ಲುತ್ತದೆ, ಕಬ್ಬಿಣದ ಸಂಪರ್ಕದಲ್ಲಿ ಮಂಕಾಗುತ್ತದೆ, ಹೆಚ್ಚು ಬಿಸಿಯಲ್ಲಿ ಮಾಸುತ್ತದೆ. ಇನ್ನು ಉಪ್ಪಿನ ವಿಷಯ. ಅಂಗಡಿಯಲ್ಲಿ ಸಿಗುವ ಒಣಸಿಪ್ಪೆಗೆ ಹಲವು ಕಡೆ ಉಪ್ಪು ಹಾಕಿಯೇ ಒಣಗಿಸಿರುತ್ತಾರೆ. ಸಿಪ್ಪೆಯನ್ನು ಒಮ್ಮೆ ತಣ್ಣೀರಿನಲ್ಲಿ ತೊಳೆದು, ಸಾಸ್ ಪೂರ್ತಿಯಾದ ಮೇಲಷ್ಟೇ ಬೇಕಿದ್ದರೆ ಉಪ್ಪು ಸೇರಿಸಿ.

50 ಗ್ರಾಂ ಸಿಪ್ಪೆಯನ್ನು 300 ಮಿಲಿ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ ನೆನೆಸಿ, ಕೈಯಿಂದ ಚೆನ್ನಾಗಿ ಕಿವುಚಿ ಸೋಸಿ. 120 ಗ್ರಾಂ ಸಕ್ಕರೆ, ಸೀಳಿದ ಎರಡು ಹಸಿಮೆಣಸು, ಚಿಟಿಕೆ ಜೀರಿಗೆ ಪುಡಿ ಹಾಕಿ, ಸ್ಟೀಲ್ ಪಾತ್ರೆಯಲ್ಲಿ ಐದು ನಿಮಿಷ ಮಾತ್ರ ಕುದಿಸಿ. ಪುನರ್ಪುಳಿಯ ನೀರಿನಲ್ಲಿ ತಿರುಳೇ ಇಲ್ಲದ ಕಾರಣ ಇಲ್ಲಿ ಕಾರ್ನ್‌ಫ್ಲೋರ್ ಹೆಚ್ಚು ಬೇಕು; ಒಂದು ದೊಡ್ಡ ಚಮಚದಷ್ಟನ್ನು ತಣ್ಣೀರಿನಲ್ಲಿ ಕದಡಿ ಸೇರಿಸಿ, ಹೊಳಪು ಬಂದೊಡನೆ ಇಳಿಸಿ ಹಸಿಮೆಣಸನ್ನು ತೆಗೆದುಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಿಗೆ ಸಕ್ಕರೆ ಬೆರೆಸಿ ಶರಬತ್ತಿನ ಪಾಕ ಮಾಡಿಟ್ಟವರಿಗೆ ಕೆಲಸ ಇನ್ನೂ ಹಗುರ: ಪಾಕಕ್ಕೆ ಸಮಪಾಲು ನೀರು ಸೇರಿಸಿ, ಮೆಣಸು ಮತ್ತು ಹಿಟ್ಟು ಹಾಕಿ ಒಮ್ಮೆ ಕುದಿಸಿದರೆ ಸಾಸ್ ಸಿದ್ಧ.

ಪ್ರಶ್ನೆ: ಮಳೆಗಾಲದಲ್ಲಿ ಹಿತ್ತಲಿನಲ್ಲಿ ಅಂಬಟೆಕಾಯಿ ರಾಶಿ ಬೀಳುತ್ತದೆ. ಉಪ್ಪಿನಕಾಯಿ, ಗೊಜ್ಜು ಬಿಟ್ಟು ಬೇರೇನು ಮಾಡಬಹುದು? (ಮೂಡುಬಿದಿರೆ)

ಉತ್ತರ: ಬಾಳೆಕಾಯಿ ಪೋಡಿ ಕರಿಯುವ ಸಂಜೆಗೆ ಅಂಬಟೆಯ ಸಾಸ್ ಮಾಡಿ ನೋಡಿ. ಹಣ್ಣಾಗತೊಡಗಿದ ಹತ್ತು ಕಾಯಿಗಳನ್ನು ಮುಳುಗುವಷ್ಟು ನೀರಿನಲ್ಲಿ ಸಿಪ್ಪೆ ಬಿರಿಯುವವರೆಗೆ ಬೇಯಿಸಿ, ತಣಿದ ಮೇಲೆ ಸಿಪ್ಪೆ ಸುಲಿದು, ಗೊರಟಿನಿಂದ ತಿರುಳನ್ನು ಹಿಂಡಿ ಸೋಸಿ. ಗೊರಟಿನ ನಾರು ಒಂದೆಳೆಯೂ ಉಳಿಯಬಾರದು. ತಿರುಳನ್ನು ತೂಗಿ, ಅಷ್ಟೇ ತೂಕದ ಬೆಲ್ಲದಿಂದ ಆರಂಭಿಸಿ; ಅಂಬಟೆಯ ಹುಳಿ ಮರದಿಂದ ಮರಕ್ಕೆ ಬೇರೆಯಾಗಿರುತ್ತದೆ. ಗಾಂಧಾರಿ ಮೆಣಸು ನಾಲ್ಕನ್ನು ಜಜ್ಜಿ ಹಾಕಿ, ಉಪ್ಪು ಸೇರಿಸಿ ಹತ್ತು ನಿಮಿಷ ಕುದಿಸಿದರೆ ತನ್ನಿಂದ ತಾನೇ ಹದಕ್ಕೆ ಬರುತ್ತದೆ, ಹಿಟ್ಟು ಬೇಡ, ಬೇರೆ ಹುಳಿಯಂತೂ ಬೇಡವೇ ಬೇಡ. ಅಂಬಟೆಯ ಮರದ ಪರಿಮಳವೊಂದಿದೆ, ಬೆಳ್ಳುಳ್ಳಿ ಹಾಕಿದರೆ ಅದು ಪೂರ್ತಿ ಮುಚ್ಚಿಹೋಗುತ್ತದೆ.

ಮಾವಿನ ಕಾಲದಲ್ಲಿ ಇದೇ ಕ್ರಮದಲ್ಲಿ ದೋರೆಗಾಯಿ ಮಾವಿನ ಸಾಸನ್ನೂ ಮಾಡಬಹುದು. ಪೂರ್ತಿ ಹಣ್ಣಾದ ಮಾವಿನಲ್ಲಿ ಹುಳಿ ಸಾಲದು, ಎಳೆಕಾಯಿಯಲ್ಲಿ ಪರಿಮಳ ಸಾಲದು. ಕಾಟು ಮಾವಿನ ಹಣ್ಣು ಸಿಕ್ಕಿದರಂತೂ ಎರಡೂ ಒಟ್ಟಿಗೆ ಸಿಗುತ್ತವೆ, ನಾರನ್ನು ಸೋಸುವ ತಾಳ್ಮೆಯಿದ್ದರೆ ಸಾಕು.

ಪ್ರಶ್ನೆ: ಹಾಸ್ಟೆಲಿನಲ್ಲಿ ಒಲೆಯಿಲ್ಲ, ನೀರು ಕಾಯಿಸುವ ಕೆಟಲ್ ಮಾತ್ರ ಇದೆ. ಹೊರಗಿನಿಂದ ತಂದ ಸಮೋಸಕ್ಕೆ ಏನಾದರೂ ಮಾಡಬಹುದೇ? (ಮಣಿಪಾಲ)

ಉತ್ತರ: ಅನಾನಸಿನ ಜಾಮ್ ನಾಲ್ಕು ದೊಡ್ಡ ಚಮಚ, ವಿನೆಗರ್ ಒಂದು ದೊಡ್ಡ ಚಮಚ, ಬಾಟಲಿಯಲ್ಲಿ ಸಿಗುವ ಸಾಸಿವೆ ಪೇಸ್ಟ್ ಒಂದು ಟೀ ಚಮಚ, ಒಣಮೆಣಸಿನ ತರಿ ಅರ್ಧ ಟೀ ಚಮಚ, ಚಿಟಿಕೆ ಉಪ್ಪು. ಜಾಮಿಗೆ ಮೊದಲು ಒಂದು ಚಮಚ ಬಿಸಿನೀರು ಹಾಕಿ ಕಲಸಿ ಸಡಿಲಿಸಿ, ಆಮೇಲೆ ಉಳಿದವನ್ನು ಬೆರೆಸಿ. ಅಮೆರಿಕದ ದಕ್ಷಿಣ ಭಾಗದಲ್ಲಿ ಅನಾನಸಿನ ಜಾಮ್, ಸಾಸಿವೆ ಕೂಡಿಸಿ ಇದೇ ಬಗೆಯ ಸಾಸನ್ನು ಬಹಳ ಹಿಂದಿನಿಂದ ಮಾಡುತ್ತಾರೆ. ವಿನೆಗರ್ ಇಲ್ಲವಾದರೆ ಊಟದ ಕೋಣೆಯಿಂದ ನಿಂಬೆಯ ಒಂದೆರಡು ಹೋಳು ತಂದರೂ ನಡೆಯುತ್ತದೆ.

ಪ್ರಶ್ನೆ: ಬಿಂಬುಳಿ (ಬಿಲಿಂಬಿ) ಮತ್ತು ದಾರೆಹುಳಿಯಿಂದಲೂ (ಸ್ಟಾರ್ ಫ್ರೂಟ್) ಸಾಸ್ ಮಾಡಬಹುದೆಂದು ಕೇಳಿದ್ದೇನೆ. ಮನೆಯಲ್ಲಿ ಮೂತ್ರಪಿಂಡದ ಕಾಯಿಲೆ ಇರುವ ಒಬ್ಬರಿದ್ದಾರೆ, ಅವರಿಗೆ ಕೊಡಬಹುದೇ? (ಕಂಕನಾಡಿ, ಮಂಗಳೂರು)

ಉತ್ತರ: ಕೊಡಬೇಡಿ. ಎರಡರಲ್ಲೂ ಆಕ್ಸಾಲಿಕ್ ಆಮ್ಲ ಹೆಚ್ಚಿದೆ. ದಾರೆಹುಳಿಯಲ್ಲಿ ಇದರ ಜೊತೆಗೆ ನರಮಂಡಲಕ್ಕೆ ತೊಂದರೆ ಕೊಡುವ ಇನ್ನೊಂದು ಅಂಶವಿದೆ. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ, ಕಾಯಿಲೆ ಇರುವವರಲ್ಲಿ ಅದು ದೇಹದಲ್ಲೇ ಉಳಿದು ಬಿಕ್ಕಳಿಕೆ, ಗೊಂದಲದಿಂದ ಹಿಡಿದು ಜೀವಾಪಾಯದವರೆಗೂ ಒಯ್ಯಬಹುದು. ಬಿಂಬುಳಿಯ ರಸವನ್ನು ಹೆಚ್ಚಾಗಿ ಕುಡಿದು ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳನ್ನು ಕೇರಳದ ವೈದ್ಯರು ವರದಿ ಮಾಡಿದ್ದಾರೆ. ಉಳಿದವರು ಹುಳಿಗಾಗಿ ಒಂದೆರಡು ಬಿಂಬುಳಿಯನ್ನು ಸಾಸಿಗೆ ಹಾಕಿದರೆ ಆತಂಕವಿಲ್ಲ, ಬಟ್ಟಲು ತುಂಬ ಅದನ್ನೇ ಮಾಡುವುದು ಬೇಡ. ಕಾಯಿಲೆ ಇರುವವರಿಗೆ ಬೇರೆ ಯಾವ ಹಣ್ಣು ಎಷ್ಟು ಕೊಡಬಹುದೆಂಬುದನ್ನು ಅವರ ವೈದ್ಯರನ್ನೇ ಕೇಳಿ, ಏಕೆಂದರೆ ಪೊಟ್ಯಾಸಿಯಂ ಮಿತಿ ಒಬ್ಬೊಬ್ಬರಿಗೆ ಒಂದೊಂದು ಬಗೆ.

ಪ್ರಶ್ನೆ: ಮಾಡಿದ ಸಾಸ್ ಎಷ್ಟು ದಿನ ಉಳಿಯುತ್ತದೆ? ಬಾಟಲಿಯಲ್ಲಿ ತುಂಬಿ ಪರಿಚಿತರಿಗೆ ಮಾರುವ ಆಸೆಯೂ ಇದೆ. (ಸುರತ್ಕಲ್)

ಉತ್ತರ: ಮನೆಬಳಕೆಗಾದರೆ, ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿಯಿರುವಾಗಲೇ ತುಂಬಿ, ತಣಿದೊಡನೆ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಉಳಿಯುತ್ತದೆ. ಬಟ್ಟಲಿಗೆ ಬಡಿಸಿ ಉಳಿದದ್ದನ್ನು ಮರಳಿ ಬಾಟಲಿಗೆ ಸುರಿಯಬೇಡಿ. ಅದ್ದಿದ ತಿಂಡಿಯ ಚೂರುಗಳೇ ಅದನ್ನು ಮೊದಲು ಕೆಡಿಸುವುದು. ಹೆಚ್ಚು ದಿನ ಬೇಕಾದರೆ ಕಾರ್ನ್‌ಫ್ಲೋರ್ ಹಾಕುವ ಮೊದಲೇ ಸ್ವಲ್ಪ ಭಾಗ ತೆಗೆದು ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಬೇಕಾದಾಗ ಕರಗಿಸಿ ಹಿಟ್ಟು ಸೇರಿಸಿ ಕುದಿಸಿ. ಹಿಟ್ಟು ಹಾಕಿದ ಸಾಸನ್ನು ಹೆಪ್ಪುಗಟ್ಟಿಸಿದರೆ ಕರಗುವಾಗ ನೀರು ಬಿಡುತ್ತದೆ.

ಮಾರಾಟದ ಮಾತು ಬೇರೆ. ಸಾಸಿನ ಪಿಎಚ್ (ಆಮ್ಲೀಯತೆಯ ಅಳತೆ, ಅಂಕ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿಲ್ಲದಿದ್ದರೆ, ಗಾಳಿಯಾಡದ ಬಾಟಲಿಯಲ್ಲಿ ಬಾಟುಲಿಸಂ ಎಂಬ ಮಾರಕ ಕಾಯಿಲೆಯ ರೋಗಾಣು ಬೆಳೆಯಬಹುದು. ಅನಾನಸು, ಪುನರ್ಪುಳಿ ಸಹಜವಾಗಿಯೇ ಈ ಮಿತಿಗಿಂತ ಕೆಳಗಿರುತ್ತವೆ. ಚೆನ್ನಾಗಿ ಹಣ್ಣಾದ ಮಾವು, ಪಪ್ಪಾಯ ಹಾಗಲ್ಲ, ಬೆಳ್ಳುಳ್ಳಿ ಬೆರೆತರೆ ಇನ್ನಷ್ಟು ಎಚ್ಚರ ಬೇಕು. ನಾಲಗೆಯ ರುಚಿ ಸಾಕ್ಷಿಯಾಗದು, ಏಕೆಂದರೆ ಸಿಹಿ ಹುಳಿಯನ್ನು ಮರೆಸುತ್ತದೆ. ಪ್ರತಿ ಪಾತ್ರೆಯನ್ನೂ ಪಿಎಚ್ ಮೀಟರಿನಲ್ಲಿ ಅಳೆದು, 4ಕ್ಕಿಂತ ಕೆಳಗಿದ್ದರೆ ಮಾತ್ರ ತುಂಬಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇಲ್ಲದೆ ಪರಿಚಿತರಿಗೂ ಮಾರಬೇಡಿ. ತಯಾರಿಸಿದ ದಿನ, ಬಳಸಿದ ಪದಾರ್ಥಗಳು ಮತ್ತು ‘ಫ್ರಿಜ್ಜಿನಲ್ಲಿಡಿ’ ಎಂಬ ಸೂಚನೆ ಪ್ರತಿ ಬಾಟಲಿಯ ಮೇಲೂ ಇರಲಿ. ಮೊದಲಿಗೆ ಅನಾನಸಿನ ಸಾಸ್ ಒಂದನ್ನೇ ಬೆಳ್ಳುಳ್ಳಿಯಿಲ್ಲದೆ ಮಾಡಿ ಆರಂಭಿಸುವುದು ಒಳ್ಳೆಯದು.